ಮುದ್ದೇನಹಳ್ಳಿ ಪಕ್ಕದ ಹಳಿ

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮಂಥ ಕಾಲೇಜುಗಳಲ್ಲಿ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಮೈಸೂರು ಪೇಟ ತೊಟ್ಟ ಫೋಟೋಗೆ ಒಂದು ಹಾರ, ಎರಡು ಭಾಷಣ, ಒಂದು ಕ್ವಿಜ್. ಭಾಷಣದಲ್ಲಿ ಎರಡು ಮೇಣದಬತ್ತಿಯ ಕಥೆ ಬರಲೇಬೇಕು. ರೈಲಿನಲ್ಲಿ ಚೈನ್ ಎಳೆದ ಕಥೆಯೂ ಬರಲೇಬೇಕು. ರಾತ್ರಿ ಗಾಡಿಯ ಸದ್ದು ಬದಲಾದದ್ದು ಕೇಳಿ ಸರ್ ಎಂ. ವಿಶ್ವೇಶ್ವರಯ್ಯನವರು ಚೈನ್ ಎಳೆದರಂತೆ, ಇಳಿದು ನೋಡಿದರೆ ಮುಂದೆ ಹಳಿ ಬಿಟ್ಟುಕೊಂಡಿತ್ತಂತೆ. ಕಥೆ ಚೆನ್ನಾಗಿದೆ. ಆದರೆ ಯಾವ ಊರು, ಯಾವ ವರ್ಷ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಅದಕ್ಕೆ ನಾವು ಅದನ್ನ ಪಕ್ಕಕ್ಕಿಟ್ಟಿದ್ದೀವಿ. ಅವರು ರೈಲು ನಿಲ್ಲಿಸಿದ ಕಥೆಗಿಂತ ರೈಲು ಓಡಿಸಿದ ಕಥೆ ನಮಗೆ ಹೆಚ್ಚು ಬೇಕಾದದ್ದು. ಯಾಕೆ ಅಂತ ಮುಂದೆ ಹೇಳ್ತೀವಿ.

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ನಂದಿಬೆಟ್ಟದ ಬುಡದ ಸೀಮೆ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಅವರಿಗೆ ಮೂರು ವರ್ಷ ತುಂಬುವ ಹೊತ್ತಿಗೆ, 1864ರಲ್ಲಿ, ಬೆಂಗಳೂರು ಕಂಟೋನ್ಮೆಂಟ್‌ಗೆ ಜೋಲಾರ್‌ಪೇಟೆ ಕಡೆಯಿಂದ ರೈಲು ಬಂದಿತ್ತು. ಆದರೆ ಚಿಕ್ಕಬಳ್ಳಾಪುರಕ್ಕೆ ಇರಲಿಲ್ಲ. ಆ ಕಾಲದಲ್ಲಿ ರೈಲು ಅಂದ್ರೆ ದೊಡ್ಡ ಊರಿಂದ ದೊಡ್ಡ ಊರಿಗೆ, ಬಂದರಿಗೆ, ದಂಡಿಗೆ. ನಡುವಿನ ಹಳ್ಳಿಯವರು ಎತ್ತಿನ ಗಾಡಿ ಕಟ್ಟಬೇಕು, ಇಲ್ಲಾ ನಡೀಬೇಕು. ಹುಡುಗ ವಿಶ್ವೇಶ್ವರಯ್ಯ ಚಿಕ್ಕಬಳ್ಳಾಪುರದಲ್ಲಿ ಓದಿ, ತಂದೆ ತೀರಿಹೋದ ಮೇಲೆ ಬೆಂಗಳೂರಿನ ಸೋದರಮಾವನ ಆಸರೆಗೆ ಬಂದರು. ಕೊಡಗಿನ ಒಬ್ಬ ಅಧಿಕಾರಿಯ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಫೀಸು, ಊಟ ನೋಡಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು.

ಆಮೇಲೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ, ಜೊತೆಗೆ ಜೇಮ್ಸ್ ಬರ್ಕ್‌ಲಿ ಬಹುಮಾನ. ಈ ಬಹುಮಾನದ ಹೆಸರು ಎಲ್ಲಾ ಲೇಖನಗಳಲ್ಲಿ ಬರುತ್ತೆ, ಬರ್ಕ್‌ಲಿ ಯಾರು ಅಂತ ಮಾತ್ರ ಯಾರೂ ಬರೆಯಲ್ಲ. ಆತ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಚೀಫ್ ಇಂಜಿನಿಯರ್. 1853ರಲ್ಲಿ ಬಾಂಬೆಯಿಂದ ಠಾಣೆಗೆ ಓಡಿತಲ್ಲ, ದೇಶದ ಮೊದಲ ಪ್ಯಾಸೆಂಜರ್ ರೈಲು, ಅದರ ಹಳಿ ಹಾಕಿಸಿದವರು. ಅದೇ ಕಂಪನಿಯ ಹಳಿ 1871ರಲ್ಲಿ ನಮ್ಮ ರಾಯಚೂರಿಗೆ ಬಂದು, ಮದ್ರಾಸ್ ಕಡೆಯಿಂದ ಬಂದ ಹಳಿಗೆ ಕೂಡಿಕೊಂಡಿತು. ಬಾಂಬೆ–ಮದ್ರಾಸ್ ಗಂಟು ಬಿದ್ದದ್ದು ನಮ್ಮೂರಲ್ಲೇ ರೀ! ರಾಯಚೂರಿನ ಹುಡುಗರಿಗೆ ಈ ವಿಷಯ ಗೊತ್ತಿಲ್ಲದೇ ಇರೋದು ನಮಗೆ ಭಾಳ ಬೇಸರದ ಸಂಗತಿ.

1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆದರು. ನಾಸಿಕ್, ಖಾನ್‌ದೇಶ, ಸಿಂಧ್‌ನ ಸುಕ್ಕೂರ್, ಪುಣೆ. ಸುಕ್ಕೂರಿಗೆ ಕುಡಿಯೋ ನೀರು, ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾನೇ ತೆರೆದು ತಾನೇ ಮುಚ್ಚೋ ಗೇಟು, ಏಡನ್‌ಗೆ ನೀರು ಮತ್ತು ಒಳಚರಂಡಿ ಯೋಜನೆ. ಗೇಟಿನ ಬಗ್ಗೆ ಎಲ್ಲರೂ ಬರೀತಾರೆ. ನಮಗೆ ಕುತೂಹಲ ಹುಟ್ಟಿಸಿದ್ದು ಅವರ ಬ್ಲಾಕ್ ಪದ್ಧತಿ. ದಖ್ಖನ್ನಿನ ಕಾಲುವೆಗಳಲ್ಲಿ ಮೇಲಿನ ಊರಿನವರು ನೀರೆಲ್ಲಾ ಕಬ್ಬಿಗೆ ಹೊಡೆದುಕೊಂಡರೆ ಕೆಳಗಿನವರಿಗೆ ಏನೂ ಉಳೀತಿರಲಿಲ್ಲ. ಇವರು ಜಮೀನನ್ನ ಬ್ಲಾಕುಗಳಾಗಿ ಹಂಚಿ, ಕಬ್ಬು, ಭತ್ತ, ಒಣಬೇಸಾಯದ ಬೆಳೆ ಅಂತ ಸರದಿ ಇಟ್ಟು, ಅದೇ ನೀರು ಹೆಚ್ಚು ಹಳ್ಳಿಗಳಿಗೆ ಮುಟ್ಟೋ ಹಾಗೆ ಮಾಡಿದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ಮಾನ್ವಿ, ರಾಯಚೂರು ತಾಲೂಕಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಟೇಲ್ ಎಂಡ್ ಅನ್ನೋ ಇಂಗ್ಲಿಷ್ ಪದ ನಮ್ಮ ಕಡೆ ಇಂಗ್ಲಿಷ್ ಬರದ ಅಜ್ಜನಿಗೂ ಗೊತ್ತು.

ಬಾಂಬೆ ಸರ್ವಿಸ್‌ನಲ್ಲಿ ಆಗ ಒಬ್ಬ ಭಾರತೀಯ ಚೀಫ್ ಇಂಜಿನಿಯರ್ ಆಗೋದು ಆಗದ ಮಾತು. 1908ರಲ್ಲಿ ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು. ಅದೇ ಸೆಪ್ಟೆಂಬರ್ 28ಕ್ಕೆ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಊರಿಗೆ ಊರೇ ಕೊಚ್ಚಿಹೋಯಿತು, ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಕರೆಸಿಕೊಂಡಿತು. ಆಗ ರಾಯಚೂರು ಕೂಡ ನಿಜಾಮರದೇ, ಅಂದ್ರೆ ಸ್ವಲ್ಪ ಕಾಲ ಅವರು ನಮ್ಮ ಸರ್ಕಾರದ ಇಂಜಿನಿಯರ್ ಆಗಿದ್ದರು ಅಂತ ನಾವೂ ಹೇಳಿಕೊಳ್ಳಬಹುದು. ಮೂಸಿ, ಈಸಿ ನದಿಗಳಿಗೆ ಮೇಲೇ ಕೆರೆ ಕಟ್ಟಿ ಪ್ರವಾಹ ತಡೆಯಬೇಕು ಅನ್ನೋದು ಅವರ ಯೋಜನೆ. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಅದರಿಂದ ಬಂದವು.

1909ರ ಕೊನೆಗೆ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು. ಆ ಹುದ್ದೆಯ ಜೊತೆಗೇ ಲೋಕೋಪಯೋಗಿ ಮತ್ತು ರೈಲ್ವೆ ಇಲಾಖೆಗಳ ಕಾರ್ಯದರ್ಶಿ ಕೆಲಸವೂ ಇತ್ತು. ಈ ಎರಡನೇ ಅರ್ಧವನ್ನ ಕನ್ನಂಬಾಡಿ ಕಟ್ಟೆ ಪೂರ್ತಿ ಮುಚ್ಚಿಬಿಟ್ಟಿದೆ. 1911ರಲ್ಲಿ ಶುರುವಾದ ಕಟ್ಟೆ ಅಷ್ಟು ದೊಡ್ಡದು, ತಪ್ಪೇನಿಲ್ಲ. ಆದರೆ ರೈಲಿನ ಲೆಕ್ಕ ಸ್ವಲ್ಪ ನೋಡಿ.

ಬರಗಾಲದ ಸಾಲದಿಂದಾಗಿ ಮೈಸೂರು ಸಂಸ್ಥಾನ 1886ರಲ್ಲೇ ತನ್ನ ಮುಖ್ಯ ಲೈನನ್ನ ಸದರ್ನ್ ಮರಾಠಾ ಕಂಪನಿಗೆ ಒಪ್ಪಿಸಿತ್ತು. ಹಳಿ ನಮ್ಮ ನೆಲದ ಮೇಲೆ, ಗಾಡಿ ಓಡಿಸೋನು ಬೇರೆ. ಯಾವ ಊರಲ್ಲಿ ಎಷ್ಟು ಹೊತ್ತಿಗೆ ನಿಲ್ಲಬೇಕು, ಯಾವ ಸರಕಿಗೆ ಎಷ್ಟು ದರ ಅನ್ನೋದು ಕಂಪನಿಯ ಆಫೀಸಿನಲ್ಲಿ ತೀರ್ಮಾನ ಆಗ್ತಿತ್ತು. ವಿಶ್ವೇಶ್ವರಯ್ಯನವರಿಗೆ ಇದು ಹಿಡಿಸಲಿಲ್ಲ. ಸಂಸ್ಥಾನ ತಾನೇ ಹೊಸ ಲೈನ್ ಕಟ್ಟಬೇಕು, ತಾನೇ ಓಡಿಸಬೇಕು ಅಂತ ಹಠ ಹಿಡಿದರು. 1912ರ ನವೆಂಬರ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನ ದಿವಾನರನ್ನಾಗಿ ಮಾಡಿದ ಮೇಲೆ ಕೆಲಸಕ್ಕೆ ವೇಗ ಬಂತು. ಮೈಸೂರಿಂದ ಹಾಸನದ ಮೇಲೆ ಅರಸೀಕೆರೆಗೆ ಸುಮಾರು 166 ಕಿಲೋಮೀಟರ್ ಲೈನ್, ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ಟ್ರಾಮ್‌ವೇ. ಭಟ್ಕಳದಲ್ಲಿ ಮೈಸೂರಿಗೆ ಒಂದು ಬಂದರು, ಅಲ್ಲಿಗೆ ಘಟ್ಟ ಇಳಿಯೋ ರೈಲು ಅನ್ನೋದು ಅವರ ಇನ್ನೊಂದು ಕನಸು. ಅದು ಆಗಲಿಲ್ಲ.

ಇವೆಲ್ಲದರ ನಡುವೆ ಒಂದು ಸಣ್ಣ ಲೈನ್ ಇದೆ. ಬೌರಿಂಗ್‌ಪೇಟೆ, ಅಂದ್ರೆ ಈಗಿನ ಬಂಗಾರಪೇಟೆಯಿಂದ ಕೋಲಾರ. ಕೋಲಾರದಿಂದ ಚಿಂತಾಮಣಿ ಮೇಲೆ ಚಿಕ್ಕಬಳ್ಳಾಪುರ. ಅಲ್ಲಿಂದ ದೇವನಹಳ್ಳಿ, ಯಲಹಂಕ ಮೇಲೆ ಬೆಂಗಳೂರು. 1913ರಿಂದ ಮೂರ್ನಾಲ್ಕು ವರ್ಷದೊಳಗೆ ತುಂಡು ತುಂಡಾಗಿ ತೆರೆದದ್ದು. ಇದು ನ್ಯಾರೋಗೇಜ್, ಎರಡೂವರೆ ಅಡಿ ಅಗಲ, 762 ಮಿಲಿಮೀಟರ್. ಈಗಿನ ಬ್ರಾಡ್‌ಗೇಜ್ 1676. ಅರ್ಧಕ್ಕಿಂತಲೂ ಕಮ್ಮಿ! ಅಷ್ಟು ಸಣ್ಣದು ಯಾಕೆ ಅಂದ್ರೆ ದುಡ್ಡು. ಗೇಜ್ ಸಣ್ಣದಾದರೆ ತಿರುವು ಬಿಗಿಯಾಗಿ ಹಾಕಬಹುದು, ಗುಡ್ಡ ಕಡಿಯೋ ಬದಲು ಸುತ್ತಿಕೊಂಡು ಹೋಗಬಹುದು, ಹಳಿ ಹಗುರ, ಸೇತುವೆ ಕಿರಿದು, ಇಂಜಿನ್ ಅಗ್ಗ. ವೇಗ ಇಲ್ಲ, ಹೊರೆ ಕಮ್ಮಿ, ದೊಡ್ಡ ಗೇಜಿನ ಸ್ಟೇಷನ್ ಬಂದಾಗ ಸರಕು ಇಳಿಸಿ ಮತ್ತೆ ಹೇರಬೇಕು. ಆದರೆ ದೊಡ್ಡ ಲೈನ್ ಬರೋ ತನಕ ಕಾಯೋಕಿಂತ ಇವತ್ತು ಸಣ್ಣ ಲೈನ್ ಇದ್ದರೆ ಚಿಕ್ಕಬಳ್ಳಾಪುರದ ರೇಷ್ಮೆ, ತರಕಾರಿ ಇವತ್ತೇ ಬೆಂಗಳೂರಿಗೆ ಹೋಗುತ್ತೆ. ಕೋರ್ಟಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗೋರೂ ಹೋಗ್ತಾರೆ. ಲೈಟ್ ರೈಲ್ವೆ ಅಂತ ಕರೆದದ್ದು ಇದನ್ನೇ. ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಅಂತ ಹೆಂಚಿನ ಪುಟ್ಟ ಪುಟ್ಟ ಸ್ಟೇಷನ್‌ಗಳು. ದಿವಾನರು ಹುಡುಗರಾಗಿದ್ದಾಗ ಇರದಿದ್ದ ರೈಲು, ದಿವಾನರಾದಾಗ ಅವರ ಊರಿನ ಮಗ್ಗುಲಲ್ಲೇ ಹೋಯಿತು. ಸ್ವಂತ ಊರಿಗೆ ಮಾಡಿಕೊಂಡರು ಅಂತ ಯಾರಾದ್ರೂ ಅನ್ನಬಹುದು. ಮ್ಯಾಪ್ ತೆಗೆದು ನೋಡಿ, ಹಳಿ ಮುದ್ದೇನಹಳ್ಳಿಗೆ ಬಾಗಿಲ್ಲ. ಹಾಗೇ ಮುಂದಕ್ಕೆ ಹೋಗಿದೆ.

ಇದೆಲ್ಲಾ ಒಬ್ಬರೇ ಮಾಡಿದ್ದಲ್ಲ, ಅದನ್ನೂ ಹೇಳಬೇಕು. ಬೆನ್ನಿಗೆ ನಿಂತ ಮಹಾರಾಜರಿದ್ದರು, ಸರ್ವೆ ಮಾಡಿದ ಇಂಜಿನಿಯರುಗಳಿದ್ದರು, ಮಣ್ಣು ಹೊತ್ತ ಹೆಸರಿಲ್ಲದ ಜನ ಇದ್ದರು. ಹೆಸರು ಉಳಿದದ್ದು ಪೇಟದವರದು.

ದಿವಾನರಾಗಿದ್ದ ಆರು ವರ್ಷದ ಪಟ್ಟಿಯನ್ನ ನಾವು ಓಡಿಸಿಬಿಡ್ತೀವಿ, ಪ್ರೈಮರಿ ಸ್ಕೂಲಿಂದ ಬಾಯಿಪಾಠ ಆಗಿರೋದೇ: 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು, ಗಂಧದೆಣ್ಣೆ, ಸಾಬೂನು, ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಬೀಜ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ ಅವರ ಕಾಲದಲ್ಲೇ, 1915ರಲ್ಲಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಕ್ಲಬ್ ಯಾಕೆ ಅಂತ ಕೇಳೋ ಸೀನಿಯರ್‌ಗಳಿಗೆ ಇದಿಷ್ಟು ಸಾಕು.

ಆದರೆ ಅವರು ದಿವಾನಗಿರಿ ಬಿಟ್ಟದ್ದು ಯಾಕೆ ಅನ್ನೋದನ್ನ ಸೆಪ್ಟೆಂಬರ್ 15ರ ಭಾಷಣದಲ್ಲಿ ನಾವು ಒಮ್ಮೆಯೂ ಕೇಳಿಲ್ಲ. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಹಿಂದುಳಿದ ಜಾತಿಯವರಿಗೆ ಪಾಲು ಬೇಕು ಅನ್ನೋ ಕೂಗು ಎದ್ದಿತ್ತು. ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ವಿಶ್ವೇಶ್ವರಯ್ಯನವರು ಇದಕ್ಕೆ ವಿರುದ್ಧ. ಶಾಲೆ ಹೆಚ್ಚು ಮಾಡಿ, ಸ್ಕಾಲರ್‌ಶಿಪ್ ಕೊಡಿ, ಕೆಲಸಕ್ಕೆ ಮಾತ್ರ ಅರ್ಹತೆ ಒಂದೇ ಅಳತೆ ಇರಲಿ ಅನ್ನೋದು ಅವರ ನಿಲುವು. ಮಹಾರಾಜರು ಒಪ್ಪಲಿಲ್ಲ, ಇವರು ವರ್ಷದ ಕೊನೆಗೆ ಹುದ್ದೆ ಬಿಟ್ಟರು. 371(ಜೆ) ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದ ಎಷ್ಟು ಜನ ಇಂಥ ಕಾಲೇಜುಗಳ ಬಾಗಿಲು ಕಂಡಿದ್ದಾರೆ ಅಂತ ನಮಗೆ ಗೊತ್ತು, ನಾವೂ ಅದರಲ್ಲಿ ಬಂದವರೇ. ಹಾಗಾಗಿ ಈ ವಿಷಯದಲ್ಲಿ ನಮ್ಮ ವೋಟು ಮಹಾರಾಜರಿಗೆ. ಕಾಲುವೆಯ ಕೊನೇ ಹಳ್ಳಿಗೆ ನೀರು ತಾನಾಗಿ ಹರಿಯಲ್ಲ, ಸರದಿ ಇಡಬೇಕು ಅಂತ ಕಂಡುಕೊಂಡವರು ಕೆಲಸದ ವಿಷಯದಲ್ಲಿ ಅದೇ ಲೆಕ್ಕ ಹಾಕಲಿಲ್ಲವಲ್ಲ ಅನ್ನಿಸುತ್ತೆ. ಇದನ್ನ ಬರೆದರೆ ಅವರಿಗೆ ಅವಮಾನ ಅಂತ ನಾವು ಅಂದುಕೊಂಡಿಲ್ಲ.

ಅವರು ಹೋದ ಮರುವರ್ಷ, 1919ರಲ್ಲಿ, ಮೈಸೂರು ಸಂಸ್ಥಾನ ಕಂಪನಿಯ ಕೈಯಲ್ಲಿದ್ದ ತನ್ನ ಕೆಲವು ಲೈನ್‌ಗಳನ್ನ ವಾಪಸ್ ತಗೊಂಡು ತಾನೇ ನಡೆಸತೊಡಗಿತು. ಹಠ ಅವರದು, ಫಲ ಬಂದಾಗ ಅವರು ಕುರ್ಚಿಯಲ್ಲಿ ಇರಲಿಲ್ಲ.

ಮುಂದೆಯೂ ಸುಮ್ಮನೆ ಕೂರಲಿಲ್ಲ. ನಷ್ಟದಲ್ಲಿದ್ದ ಭದ್ರಾವತಿ ಕಾರ್ಖಾನೆಯನ್ನ ದಡ ಸೇರಿಸಿದರು, 1926ರಲ್ಲಿ ಬಾಂಬೆಯ ಬ್ಯಾಕ್ ಬೇ ವಿಚಾರಣಾ ಸಮಿತಿಯಲ್ಲಿ ಕೂತರು. ಅದರ ಹಿಂದಿನ ವರ್ಷವೇ, 1925ರ ಫೆಬ್ರವರಿಯಲ್ಲಿ, ಬಾಂಬೆಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಗೆ ದೇಶದ ಮೊದಲ ಎಲೆಕ್ಟ್ರಿಕ್ ರೈಲು ಓಡಿತ್ತು. ಬಾಂಬೆಗೆ ಲೋಕಲ್ ರೈಲು ಅನ್ನೋದು ಬೆನ್ನೆಲುಬಾಗಿ ಬೆಳೆಯುತ್ತಿದ್ದ ಕಾಲ ಅದು. 1934ರಲ್ಲಿ ದೇಶಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಅಂತ ಪುಸ್ತಕ ಬರೆದರು. 1952ರಲ್ಲಿ, ತೊಂಬತ್ತು ದಾಟಿದ ಮೇಲೆ, ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕು ಅನ್ನೋ ಜಗಳ ಬಗೆಹರಿಸೋಕೆ ಅವರನ್ನೇ ಕರೆದರು. ಅವರು ಹೇಳಿದ್ದು ಮೊಕಾಮಾ. ಕೆಳಗೆ ರೈಲು, ಮೇಲೆ ರಸ್ತೆ ಇರುವ ಆ ಸೇತುವೆ 1959ರಲ್ಲಿ ತೆರೆಯಿತು. 1955ರಲ್ಲಿ ಭಾರತರತ್ನ. 1962ರ ಏಪ್ರಿಲ್‌ನಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ಈಗ ಆ ಸಣ್ಣ ಲೈನ್ ಏನಾಯ್ತು ಅನ್ನೋದು. ರಸ್ತೆ ಬಂತು, ಬಸ್ಸು ಬಂತು. ಹಳಿ ಹಳೇದಾಯಿತು, ಗಾಡಿ ಕಮ್ಮಿ ಆದವು, ಗಾಡಿ ಕಮ್ಮಿ ಆದದ್ದಕ್ಕೆ ಜನ ಕಮ್ಮಿ ಆದರು, ಜನ ಕಮ್ಮಿ ಅಂತ ಮತ್ತೆ ಗಾಡಿ ಕಮ್ಮಿ ಮಾಡಿದರು. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದ್ತೀವಲ್ಲ ಫೀಡ್‌ಬ್ಯಾಕ್ ಲೂಪ್, ಅದೇ. ಒಂದು ಕಾಲಕ್ಕೆ ಬಂಗಾರಪೇಟೆ–ಕೋಲಾರದ ನಡುವೆ ಬಸ್ಸಿಗೆ ರೈಲಿನ ಚಕ್ರ ಹಾಕಿದಂಥ ರೈಲ್‌ಬಸ್ ಓಡ್ತಿತ್ತು. ಚಿಕ್ಕಬಳ್ಳಾಪುರ–ಕೋಲಾರ ನಡುವೆ ಬ್ರಾಡ್‌ಗೇಜ್ ಬಂದದ್ದು 2013ರಲ್ಲಿ. ಹಳಿ ಹೊಸದು, ಗಾಡಿ ಮಾತ್ರ ಬೆರಳೆಣಿಕೆ.

ಅಷ್ಟರಲ್ಲಿ 2008ರಲ್ಲಿ ದೇವನಹಳ್ಳಿ ಹತ್ತಿರ ದೊಡ್ಡ ವಿಮಾನ ನಿಲ್ದಾಣ ಬಂದಿತ್ತು. ಅದರ ಕಾಂಪೌಂಡ್ ಪಕ್ಕದಲ್ಲೇ ಈ ಹಳಿ. ಹೆದ್ದಾರಿಯಲ್ಲಿ ಟ್ರಾಫಿಕ್ ಜಾಮ್, ಪಕ್ಕದಲ್ಲಿ ಖಾಲಿ ಹಳಿ. ಬೆಂಗಳೂರಿನ ನಾಗರಿಕ ಗುಂಪುಗಳು ವರ್ಷಗಟ್ಟಲೆ ಕೇಳಿದ್ದು ಇಷ್ಟೇ: ಹೊಸದೇನೂ ಕಟ್ಟಬೇಡಿ, ಇರೋ ಹಳಿ ಮೇಲೆ ಬೆಳಿಗ್ಗೆ, ಸಂಜೆ ಗಾಡಿ ಬಿಡಿ. 1983ರಲ್ಲೇ ರೈಲ್ವೆಯವರ ಒಂದು ತಂಡ ಬೆಂಗಳೂರಿಗೆ ಮೆಟ್ರೋ ಜೊತೆಗೆ ಮೂರು ಉಪನಗರ ಲೈನ್, ಸುತ್ತ ಒಂದು ವರ್ತುಲ ರೈಲು ಬೇಕು ಅಂತ ವರದಿ ಕೊಟ್ಟಿತ್ತು. ಅದು ಕಪಾಟಿನಲ್ಲಿ ಉಳಿಯಿತು. ಕೊನೆಗೆ 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್‌ಗೆ ಡೆಮು ಓಡಿತು. ಟಿಕೆಟ್ ಹದಿನೈದು ರೂಪಾಯಿ ಆಸುಪಾಸು, ಟ್ಯಾಕ್ಸಿಗೆ ಸಾವಿರ ಸುರಿಯೋ ಜಾಗದಲ್ಲಿ! ಆದರೆ ವಿಮಾನದ ಹೊತ್ತಿಗೂ ಶಿಫ್ಟಿನ ಹೊತ್ತಿಗೂ ಗಾಡಿ ಹೊತ್ತು ಕೂಡಲಿಲ್ಲ, ಸೀಟು ಖಾಲಿ ಹೋದವು. ಖಾಲಿ ಹೋಯಿತು ಅಂದ್ರೆ ಬೇಡಿಕೆ ಇಲ್ಲ ಅಂತ ಅರ್ಥ ಮಾಡಿಕೊಳ್ಳೋದು ಸುಲಭ. ದಿನಕ್ಕೆ ಮೂರ್ನಾಲ್ಕು ಗಾಡಿ ಬಿಟ್ಟು ಜನ ಬರಲಿಲ್ಲ ಅನ್ನೋದು, ವಾರಕ್ಕೊಮ್ಮೆ ತೆರೆಯೋ ಕ್ಯಾಂಟೀನ್‌ಗೆ ಯಾರೂ ಊಟಕ್ಕೆ ಬರಲ್ಲ ಅಂದ ಹಾಗೆ. ಸಿಂಗಲ್ ಲೈನ್ ಆದ್ದರಿಂದ ಎದುರು ಗಾಡಿ ಬಂದರೆ ಕ್ರಾಸಿಂಗ್ ಇರೋ ಸ್ಟೇಷನ್‌ನಲ್ಲಿ ಒಂದು ಕಾಯಲೇಬೇಕು. ಗಾಡಿ ಹೆಚ್ಚಬೇಕು ಅಂದ್ರೆ ಕ್ರಾಸಿಂಗ್ ಲೂಪ್, ಸಿಗ್ನಲ್, ಕೊನೆಗೆ ಜೋಡಿ ಹಳಿ ಬೇಕು.

2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಬೆಂಗಳೂರು ಉಪನಗರ ರೈಲಿಗೆ ಒಪ್ಪಿಗೆ ಕೊಟ್ಟಿತು. ನಾಲ್ಕು ಕಾರಿಡಾರ್, ಒಟ್ಟು 148.17 ಕಿಲೋಮೀಟರ್, 15,767 ಕೋಟಿ ರೂಪಾಯಿ. ಹೂವಿನ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆದಾಗ 40 ತಿಂಗಳ ಮಾತು ಕೇಳಿಬಂತು. ಮೊದಲು ಕೆಲಸ ಶುರುವಾದದ್ದು ಮಲ್ಲಿಗೆ, ಕನಕಗಳಲ್ಲಿ. ವಿಶ್ವೇಶ್ವರಯ್ಯನವರ ಹಳಿಯ ಪಕ್ಕ ಹೋಗಬೇಕಾದ ಸಂಪಿಗೆ ಸರದಿಯಲ್ಲಿ ಹಿಂದೆ ನಿಂತಿದೆ.

ಗಿಲ್ಲೆಸುಗೂರಿನವರಿಗೆ ಬೆಂಗಳೂರಿನ ಉಸಾಬರಿ ಯಾಕೆ ಅಂತ ಕೇಳಬಹುದು. ಮಂತ್ರಾಲಯದ ರಸ್ತೆಯಲ್ಲಿ ಬೆಳಿಗ್ಗೆ ಬಸ್ಸಿಗೆ ಜೋತುಬಿದ್ದು ರಾಯಚೂರಿಗೆ ಬರೋ ಹುಡುಗ ಹುಡುಗೀರನ್ನ ನೋಡಿದವರು ಕೇಳಲ್ಲ. ನಮ್ಮ ಹತ್ತಿರದ ಮಟಮಾರಿ ಸ್ಟೇಷನ್ ಮೇಲೆ ದಿನಾ ಎಷ್ಟೋ ಎಕ್ಸ್‌ಪ್ರೆಸ್ ಸಿಳ್ಳೆ ಹಾಕಿ ಹೋಗ್ತಾವೆ. ನಿಲ್ಲೋದು ಒಂದೆರಡು. ಅದು ಮುಖ್ಯ ಲೈನ್, ಗದ್ದಲ ಇದೆ, ಒಪ್ಪೋಣ. ಆದರೆ ರಾಯಚೂರು–ಗದ್ವಾಲ್ ಲೈನ್ 2013ರಲ್ಲಿ ತೆರೆದದ್ದು, ಅಲ್ಲಿ ಅಂಥ ಗದ್ದಲ ಇಲ್ಲ. ಗಿಣಿಗೇರಾ ಕಡೆಯಿಂದ ಬರುತ್ತಿರೋ ಹೊಸ ಲೈನ್ 2024ರಲ್ಲಿ ಸಿಂಧನೂರು ಮುಟ್ಟಿದೆ, ಮುಂದೆ ಮಾನ್ವಿ, ಆಮೇಲೆ ರಾಯಚೂರು. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬ್‌ನಗರ ಯೋಜನೆಯ ಭಾಗ ಅದು, ನಮಗಿಂತ ದೊಡ್ಡ ವಯಸ್ಸು. ದೇವದುರ್ಗದವರು ಇನ್ನೂ ಬಸ್ಸಿನಲ್ಲೇ ಇದ್ದಾರೆ. ಹಳಿ ಬಂದ ಮೇಲೆ ಅದರ ಮೇಲೆ ರಾತ್ರಿ ಹೋಗೋ ಒಂದು ಎಕ್ಸ್‌ಪ್ರೆಸ್ ಬಿಟ್ಟು ಕೈತೊಳೆದುಕೊಳ್ಳೋದಾ, ಅಥವಾ ಬೆಳಿಗ್ಗೆ ಎಂಟೂವರೆಗೆ ರಾಯಚೂರು ಮುಟ್ಟಿ ಸಂಜೆ ಐದೂವರೆಗೆ ಹೊರಡೋ ನಾಲ್ಕು ಡಬ್ಬಿ ಮೆಮು ಬಿಡೋದಾ ಅನ್ನೋದು ಹಳಿ ಹಾಕೋಕೂ ಮೊದಲೇ ಕೇಳಬೇಕಾದ ಪ್ರಶ್ನೆ. ಹಿಂದುಳಿದ ಲೈನ್ ಅಂತ ಹೆಸರು ಬಿದ್ದ ಮೇಲೆ ಕೇಳಿದರೆ ಯಲಹಂಕ–ಚಿಕ್ಕಬಳ್ಳಾಪುರದವರ ಹಾಗೆ ಇಪ್ಪತ್ತು ವರ್ಷ ಅರ್ಜಿ ಬರೀಬೇಕು.

ಅಂದ ಹಾಗೆ, ಈ ಸೆಮ್ ಮುಗಿದ ಮೇಲೆ ಯಾರಾದ್ರೂ ಬೆಂಗಳೂರಿಗೆ ಹೋದರೆ ನಂದಿಬೆಟ್ಟಕ್ಕೆ ಬೈಕ್ ಬಾಡಿಗೆಗೆ ತಗೊಳ್ಳೋ ಮೊದಲು ಚಿಕ್ಕಬಳ್ಳಾಪುರ ಮೆಮು ಟೈಮ್ ನೋಡಿ. ಹಳೇ ಸ್ಟೇಷನ್ ಕಟ್ಟಡಗಳನ್ನ ಇಂಟ್ಯಾಕ್‌ನವರು ಒಂದೊಂದಾಗಿ ರಿಪೇರಿ ಮಾಡ್ತಿದ್ದಾರೆ, ದೊಡ್ಡಜಾಲದ್ದು ಕಿಟಕಿಯಿಂದ ಕಾಣುತ್ತೆ. ಚಿಕ್ಕಬಳ್ಳಾಪುರದಲ್ಲಿ ಇಳಿದರೆ ಮುದ್ದೇನಹಳ್ಳಿಗೆ ಆಟೋ ಸಿಗುತ್ತೆ, ಅವರು ಹುಟ್ಟಿದ ಮನೆ ಈಗ ಮ್ಯೂಸಿಯಂ. ವಾಪಸ್ ಗಾಡಿಯ ಹೊತ್ತು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ, ಅದು ತಪ್ಪಿದರೆ ಬಸ್ಸೇ ಗತಿ.